ಗುಂಪು ದೊಡ್ಡದು, ಚರ್ಚೆ ಇಲ್ಲ

ಪ್ರಶ್ನೆ: ಕುಷ್ಟಗಿ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಶಿಕ್ಷಕರ ಐದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿದ್ದರೂ ಬರುವುದೆಲ್ಲ ಸುತ್ತೋಲೆ ಮತ್ತು ಶುಭಾಶಯ. ಭಿನ್ನರಾಶಿ ಕಲಿಸುವಾಗಿನ ತೊಡಕನ್ನು ಯಾರೊಂದಿಗೆ ಚರ್ಚಿಸಲಿ?
– ಶಿಕ್ಷಕಿ, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು. 1024 ಜನರವರೆಗೆ ಸೇರಬಹುದಾದ ಗುಂಪು ಸುದ್ದಿ ಮುಟ್ಟಿಸಲು ಅನುಕೂಲವೇ ಹೌದು. ಆದರೆ ‘ನನ್ನ ಮಕ್ಕಳು ಮೂರನೇ ಒಂದು ಭಾಗಕ್ಕಿಂತ ಐದನೇ ಒಂದು ಭಾಗವೇ ದೊಡ್ಡದೆನ್ನುತ್ತಾರೆ, ನಾನೆಲ್ಲಿ ಎಡವಿದೆ?’ ಎಂದು ಮೇಲಧಿಕಾರಿಗಳೂ ಇರುವ ಕಡೆ ಬರೆಯಲು ಯಾರಿಗಾದರೂ ಸಂಕೋಚವಾಗುತ್ತದೆ. ಆದ್ದರಿಂದ ನಿಮ್ಮ ಕ್ಲಸ್ಟರಿನಲ್ಲಿ, ಅಂದರೆ ಅಕ್ಕಪಕ್ಕದ ಶಾಲೆಗಳ ಕೂಟದಲ್ಲಿ, ಅದೇ ವಿಷಯ ಕಲಿಸುವ ಆರೇಳು ಮಂದಿಯ ಚಿಕ್ಕ ಗುಂಪೊಂದನ್ನು ಕಟ್ಟಿಕೊಳ್ಳಿ.

ಅಲ್ಲಿ ಸಿದ್ಧ ಪಾಠಯೋಜನೆಗಳನ್ನು ಹಂಚುವುದಕ್ಕಿಂತ, ಮಗುವಿನ ಹೆಸರು ಕಾಣದಂತೆ ಅದರ ನೋಟ್‌ಬುಕ್ಕಿನ ಒಂದು ಪುಟದ ಚಿತ್ರ ಹಾಕಿ, ‘ಈ ಮಗು ಹೀಗೇಕೆ ಯೋಚಿಸಿತು?’ ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ. ಮೂರಕ್ಕಿಂತ ಐದು ದೊಡ್ಡದೆಂಬ ಪೂರ್ಣ ಸಂಖ್ಯೆಗಳ ತಿಳಿವಳಿಕೆಯನ್ನೇ ಮಕ್ಕಳು ಭಿನ್ನರಾಶಿಗೂ ಒಯ್ಯುತ್ತಾರೆ. ಒಂದೇ ಅಳತೆಯ ಎರಡು ಜೋಳದ ರೊಟ್ಟಿಗಳಲ್ಲಿ ಒಂದನ್ನು ಮೂವರಿಗೆ, ಇನ್ನೊಂದನ್ನು ಐವರಿಗೆ ಸಮನಾಗಿ ಹಂಚಿಸಿ ನೋಡಿ. ಯಾರ ಪಾಲು ದೊಡ್ಡದೆಂದು ಅವರೇ ಹೇಳುತ್ತಾರೆ.

ಫೋನಿನಲ್ಲಿ ಮುಗಿಯದ ಮಾತಿಗೆ ಮುಖಾಮುಖಿ ಭೇಟಿ ಬೇಕು. ತಿಂಗಳಿಗೊಂದು ಶನಿವಾರ, ಬೆಳಗಿನ ತರಗತಿಗಳು ಮುಗಿದ ಬಳಿಕ ಸರದಿಯಂತೆ ಒಬ್ಬೊಬ್ಬರ ಶಾಲೆಯಲ್ಲಿ ಸೇರಿ. ವರದಿ, ಹಾಜರಿ ಯಾವುದೂ ಬೇಡ. ಹೊಸದಾಗಿ ನೇಮಕಗೊಂಡವರನ್ನು ಮರೆಯದೆ ಕರೆಯಿರಿ, ಮೊದಲು ಅವರಿಗೇ ಮಾತನಾಡಲು ಬಿಡಿ.