ಮನಸ್ಸು ಏಳದ ದಿನಗಳು: ಖಿನ್ನತೆ ಬಗ್ಗೆ ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನನಗೆ 34 ವರ್ಷ. ಎರಡು ತಿಂಗಳಿಂದ ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ. ಇಷ್ಟಪಟ್ಟು ಮಾಡುತ್ತಿದ್ದ ಯಾವ ಕೆಲಸವೂ ಬೇಡವಾಗಿದೆ. ಅಳು ಬರುವುದಿಲ್ಲ, ಒಳಗೆಲ್ಲ ಖಾಲಿ ಖಾಲಿ. ಸಂಜೆಯಾದರೆ ಸ್ವಲ್ಪ ಪರವಾಗಿಲ್ಲ. ಮನೆಯವರು ಸೋಮಾರಿತನ ಅನ್ನುತ್ತಾರೆ. ಇದು ಖಿನ್ನತೆಯೇ? ಯಾವ ಡಾಕ್ಟರ ಹತ್ತಿರ ಹೋಗಲಿ?

ಉತ್ತರ: ಖಿನ್ನತೆ ಇರುವ ಸಾಧ್ಯತೆ ಹೆಚ್ಚು. ಹೊತ್ತಿಗೆ ಮುಂಚೆ ಎಚ್ಚರವಾಗುವುದು, ಬೆಳಿಗ್ಗೆ ಅತಿ ಭಾರವಾಗಿ ಸಂಜೆಗೆ ಹಗುರಾಗುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇವು ಮೂರೂ ಈ ಕಾಯಿಲೆಯ ಗುರುತುಗಳು. ಅಳು ಬರಲೇಬೇಕೆಂದಿಲ್ಲ. ಸೋಮಾರಿಗೆ ಇಷ್ಟದ ಕೆಲಸ ಕೊಟ್ಟರೆ ಎದ್ದು ಕೂರುತ್ತಾನೆ. ನಿಮಗೆ ಇಷ್ಟದ ಕೆಲಸವೇ ಬೇಡವಾಗಿದೆ. ಈ ಮಾತನ್ನು ಮನೆಯವರಿಗೆ ಓದಿ ಹೇಳಿ.

ವೈದ್ಯರು ನೋಡುವ ಲಕ್ಷಣಗಳು ಒಂಬತ್ತು: ಮನಸ್ಸು ಕುಗ್ಗಿರುವುದು, ಆಸಕ್ತಿ ಹೋಗುವುದು, ನಿದ್ದೆಯಲ್ಲಿ ಏರುಪೇರು, ಹಸಿವು ಅಥವಾ ತೂಕದಲ್ಲಿ ಬದಲಾವಣೆ, ಸುಸ್ತು, ನಡೆ-ನುಡಿ ನಿಧಾನವಾಗುವುದು ಅಥವಾ ಕೂತಲ್ಲಿ ಕೂರಲಾಗದ ಚಡಪಡಿಕೆ, ಗಮನ ನಿಲ್ಲದಿರುವುದು, ‘ನಾನು ಯಾವುದಕ್ಕೂ ಲಾಯಕ್ಕಿಲ್ಲ, ಎಲ್ಲ ನನ್ನದೇ ತಪ್ಪು’ ಎಂಬ ಭಾವನೆ, ಸಾವಿನ ಯೋಚನೆ. ಇವುಗಳಲ್ಲಿ ಕನಿಷ್ಠ ಐದು, ಅದರಲ್ಲೂ ಮೊದಲೆರಡರಲ್ಲಿ ಒಂದಾದರೂ, ಎರಡು ವಾರ ಹೆಚ್ಚುಕಡಿಮೆ ದಿನವಿಡೀ ಇದ್ದು ದಿನನಿತ್ಯದ ಬದುಕಿಗೆ ತೊಡಕಾಗಿದ್ದರೆ ಖಿನ್ನತೆ ಎನ್ನುತ್ತೇವೆ. ಇದೇ ಒಂಬತ್ತನ್ನು ಪ್ರಶ್ನೆಗಳಾಗಿಸಿದ ‘ಪಿಎಚ್‌ಕ್ಯೂ-9’ ಎಂಬ ಪಟ್ಟಿ ಇದೆ. ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. ಕೊನೆಯ ಪ್ರಶ್ನೆ ಸಾವಿನ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ತಡಮಾಡಬೇಡಿ.

ಅಂಕ ನೋಡಿ ನೀವೇ ಕಾಯಿಲೆ ತೀರ್ಮಾನಿಸಬೇಡಿ. ಥೈರಾಯ್ಡ್ ಕಡಿಮೆ ಇದ್ದವರಿಗೂ ರಕ್ತಹೀನತೆ ಇದ್ದವರಿಗೂ ಇಷ್ಟೇ ಅಂಕ ಬರಬಹುದು. ಅದಕ್ಕೇ ಮೊದಲು ನಿಮ್ಮನ್ನು ಸದಾ ನೋಡುವ ವೈದ್ಯರ ಬಳಿ ಹೋದರೂ ಸರಿಯೇ. ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸಕ್ಕರೆ, ಬೇಕೆನಿಸಿದರೆ ಬಿ12 ನೋಡುತ್ತಾರೆ. ಮಾತ್ರೆ ಬರೆಯುವವರು ಮನೋವೈದ್ಯರು. ಮಾತಿನ ಚಿಕಿತ್ಸೆ ಕೊಡಲು ತರಬೇತಾದವರು ಮನಶ್ಶಾಸ್ತ್ರಜ್ಞರು. ಖಿನ್ನತೆ ಸೌಮ್ಯವಾಗಿದ್ದರೆ ಮಾತಿನ ಚಿಕಿತ್ಸೆಯೊಂದೇ ಸಾಕಾಗಬಹುದು, ತೀವ್ರವಾಗಿದ್ದರೆ ಎರಡೂ ಸೇರಿದರೆ ಒಳ್ಳೆಯದು. ಊಟ-ನೀರು ಬಿಟ್ಟಿದ್ದರೆ, ಯಾರೂ ಇಲ್ಲದೆ ದನಿ ಕೇಳಿಸುತ್ತಿದ್ದರೆ ನೇರವಾಗಿ ಮನೋವೈದ್ಯರಲ್ಲಿಗೇ ಹೋಗಿ.

ಹೋಗುವ ಹಿಂದಿನ ದಿನ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಖಿನ್ನತೆಯಲ್ಲಿ ನೆನಪೂ ಮಾತೂ ಕೈಕೊಡುತ್ತವೆ. ವೈದ್ಯರೆದುರು ‘ಏನೋ ಸುಸ್ತು’ ಅಂದು ಎದ್ದು ಬಂದವರು, ಬರೀ ಟಾನಿಕ್ ಚೀಟಿ ಹಿಡಿದು ಮನೆ ಸೇರುತ್ತಾರೆ. ಹಾಳೆಯಲ್ಲಿ ಇರಬೇಕಾದದ್ದು: ಯಾವಾಗ ಶುರುವಾಯಿತು, ಎಷ್ಟಕ್ಕೆ ಮಲಗಿ ಎಷ್ಟಕ್ಕೆ ಎಚ್ಚರ, ಮೊದಲು ಮಾಡುತ್ತಿದ್ದು ಈಗ ಆಗದ ಮೂರು ಕೆಲಸ, ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆ, ಕುಡಿತವಿದ್ದರೆ ಅದರ ಅಳತೆ, ಮನೆತನದಲ್ಲಿ ಯಾರಿಗಾದರೂ ಇದ್ದದ್ದು. ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದಿದೆ. ಹಿಂದೆ ಎಂದಾದರೂ ಎರಡು-ಮೂರು ಗಂಟೆ ಮಲಗಿದರೂ ಸುಸ್ತಾಗದೆ, ಎಡೆಬಿಡದೆ ಮಾತಾಡುತ್ತ, ಮನಬಂದಂತೆ ಖರ್ಚು ಮಾಡುತ್ತ ಕಳೆದ ದಿನಗಳಿದ್ದವೇ? ಇದ್ದರೆ ಅದು ಬೈಪೋಲಾರ್, ಅಂದರೆ ಖಿನ್ನತೆಯೂ ಅತಿ ಉತ್ಸಾಹದ ಉನ್ಮಾದವೂ ಬಂದುಹೋಗುವ ಕಾಯಿಲೆ ಇರಬಹುದು. ಅದಕ್ಕೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಮನಸ್ಸು ಉನ್ಮಾದಕ್ಕೆ ಹೊರಳುವ ಅಪಾಯವಿದೆ. ವೈದ್ಯರು ಕೇಳಲು ಮರೆತರೂ ನೀವು ಹೇಳಲು ಮರೆಯಬೇಡಿ.

ಪ್ರಶ್ನೆ: ಖಿನ್ನತೆಗೆ ಎಸ್ಸಿಟಾಲೊಪ್ರಾಮ್ ಮಾತ್ರೆ 10 ಮಿ.ಗ್ರಾಂ. ಶುರುವಾಗಿ 12 ದಿನ. ಹೊಟ್ಟೆ ತೊಳಸುತ್ತದೆ, ಚಡಪಡಿಕೆ ಜಾಸ್ತಿಯಾಗಿದೆ, ಉಪಯೋಗ ಮಾತ್ರ ಕಾಣುತ್ತಿಲ್ಲ. ಒಂದು ಸಲ ಹಿಡಿದರೆ ಬಿಡಲಾಗದು ಎಂದು ಗೆಳತಿ ಹೆದರಿಸುತ್ತಾಳೆ. ನಿಲ್ಲಿಸಿಬಿಡಲೇ?

ಉತ್ತರ: ನೀವಾಗಿ ನಿಲ್ಲಿಸಬೇಡಿ. ಆದರೆ ಚಡಪಡಿಕೆಯ ವಿಷಯವನ್ನು ಇವತ್ತೇ ವೈದ್ಯರಿಗೆ ಫೋನ್ ಮಾಡಿ ತಿಳಿಸಿ. ಪ್ರಮಾಣ ಇಳಿಸಬೇಕೋ, ಮಾತ್ರೆ ಬದಲಿಸಬೇಕೋ ಅವರು ಹೇಳುತ್ತಾರೆ. 25 ವರ್ಷದೊಳಗಿನವರಲ್ಲಿ ಮೊದಲ ಕೆಲವು ವಾರ ಆತ್ಮಹತ್ಯೆಯ ಯೋಚನೆ ಹೆಚ್ಚಾಗುವ ಸಾಧ್ಯತೆ ಇರುವುದರಿಂದ ಮನೆಯವರು ಒಂದು ಕಣ್ಣಿಟ್ಟಿರಬೇಕು.

ಈ ಮಾತ್ರೆಗಳ ತೊಂದರೆ ಮೊದಲು ಬರುತ್ತದೆ, ಫಲ ಆಮೇಲೆ. ವಾಕರಿಕೆ, ತಲೆನೋವು, ಭೇದಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತವೆ. ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ. ಫಲ ಕಾಣಲು 2ರಿಂದ 4 ವಾರ ಬೇಕು. ಈ ಮಾತ್ರೆ ನನಗೆ ಆಗುತ್ತದೋ ಇಲ್ಲವೋ ಎಂದು ತೀರ್ಮಾನಿಸಲು ಸರಿಯಾದ ಪ್ರಮಾಣದಲ್ಲಿ 4ರಿಂದ 6 ವಾರವಾಗಬೇಕು. ಎಷ್ಟೋ ಸಲ ನಿದ್ದೆ-ಹಸಿವು ಮೊದಲು ಸುಧಾರಿಸಿ ಮನಸ್ಸು ಕಡೆಗೆ ತಿಳಿಯಾಗುತ್ತದೆ. ‘ಇವತ್ತು ಮುಖ ಸ್ವಲ್ಪ ಗೆಲುವಾಗಿದೆ’ ಎಂದು ಪಕ್ಕದವರು ಹೇಳಿದಾಗಲೂ ನಿಮಗೇ ಗೊತ್ತಾಗಿರುವುದಿಲ್ಲ.

ಚಟದ ಭಯ ಬಂದಿರುವುದು ಎರಡು ಬಗೆಯ ಮಾತ್ರೆಗಳನ್ನು ಒಂದೇ ಎಂದುಕೊಂಡಿದ್ದರಿಂದ. ಮೊದಲ ವಾರಗಳಲ್ಲಿ ನಿದ್ದೆಗೆಂದು ಜೊತೆಗೆ ಕೊಡುವ ಕ್ಲೊನಾಜೆಪಾಮ್, ಆಲ್ಪ್ರಾಜೋಲಾಮ್ ಅಂಥವು ಕೆಲವೇ ವಾರಗಳಲ್ಲಿ ಚಟವಾಗಬಲ್ಲವು. ನಿಮ್ಮ ಚೀಟಿಯಲ್ಲಿ ಅವಿದ್ದರೆ ‘ಇದು ಎಷ್ಟು ದಿನಕ್ಕೆ?’ ಎಂದು ಕೇಳಿಯೇ ಬನ್ನಿ. ಎಸ್ಸಿಟಾಲೊಪ್ರಾಮ್ ಅಂಥದ್ದಲ್ಲ, ಅದಕ್ಕಾಗಿ ಮನಸ್ಸು ಹಾತೊರೆಯುವುದಿಲ್ಲ. ಆದರೆ ಥಟ್ಟನೆ ಬಿಟ್ಟರೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು ಶುರುವಾಗಬಹುದು. ಆದ್ದರಿಂದಲೇ ಇಳಿಸುವಾಗ ವಾರಗಟ್ಟಲೆ ನಿಧಾನವಾಗಿ ಇಳಿಸುವುದು.

ಎಷ್ಟೋ ಸಲ ಕೆಡುವುದು ಸ್ವಲ್ಪ ಚೇತರಿಸಿಕೊಂಡ ಮೇಲೆ. ‘ಈಗ ಚೆನ್ನಾಗಿದ್ದೀನಲ್ಲ’ ಎಂದು ಮಾತ್ರೆ ಬಿಡುತ್ತಾರೆ, ಕೆಲವೇ ತಿಂಗಳಲ್ಲಿ ಕಾಯಿಲೆ ಮರಳುತ್ತದೆ. ಪೂರ್ತಿ ಚೇತರಿಸಿಕೊಂಡ ದಿನದಿಂದ ಲೆಕ್ಕ ಹಾಕಿ ಕನಿಷ್ಠ 6 ತಿಂಗಳು ಮುಂದುವರಿಸಬೇಕು. ಹಿಂದೆ ಪದೇ ಪದೇ ಬಂದುಹೋಗಿದ್ದರೆ ಎರಡು ವರ್ಷವೂ ಬೇಕಾಗಬಹುದು. ಲೈಂಗಿಕ ತೊಂದರೆಯಾಗಿ ಹೇಳಲು ನಾಚಿ ಗುಟ್ಟಾಗಿ ಬಿಡುವವರೂ ಇದ್ದಾರೆ. ಅದು ಈ ಮಾತ್ರೆಗಳ ಗೊತ್ತಿರುವ ಅಡ್ಡಪರಿಣಾಮ, ಬದಲಿ ಮಾತ್ರೆಗಳಿವೆ, ಬಾಯಿಬಿಟ್ಟು ಹೇಳಿ.

ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ನೋವಿಗೆ ಟ್ರಾಮಡಾಲ್, ಐಬುಪ್ರೊಫೆನ್ ತೆಗೆದುಕೊಳ್ಳುವ ಮುನ್ನ ವೈದ್ಯರನ್ನು ಕೇಳಿ: ಮೊದಲನೆಯದು ಇದರ ಜೊತೆ ಸೇರಿ ನಡುಕ, ಜ್ವರ, ಗೊಂದಲ ತರಬಹುದು, ಎರಡನೆಯದರಿಂದ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು.

ಪ್ರಶ್ನೆ: ‘ವಾಕಿಂಗ್ ಮಾಡು, ಒಳ್ಳೆಯದನ್ನೇ ಯೋಚಿಸು’ ಅನ್ನುತ್ತಾರೆ. ಸ್ನಾನಕ್ಕೆ ಏಳಲೂ ಆಗದವಳು ಏನು ಮಾಡಲಿ?

ಉತ್ತರ: ಮನಸ್ಸು ಬಂದ ಮೇಲೆ ಏಳೋಣ ಎಂದು ಕಾದರೆ ಈ ಕಾಯಿಲೆಯಲ್ಲಿ ಮನಸ್ಸು ಬರುವುದೇ ಇಲ್ಲ. ಮೊದಲು ಮೈ ಅಲ್ಲಾಡಬೇಕು. ಸ್ನಾನವನ್ನು ಒಂದು ಕೆಲಸ ಎಂದುಕೊಳ್ಳದೆ ಒಡೆಯಿರಿ. ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ಕಾಲು ಎರಡನ್ನೂ ನೆಲಕ್ಕೆ ಊರಿ ಹಾಸಿಗೆಯ ಅಂಚಿನಲ್ಲಿ ಐದು ನಿಮಿಷ ಕೂತರೆ ಅವತ್ತಿನ ಲೆಕ್ಕ ಮುಗಿಯಿತು. ಮರುದಿನ ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲ ಬಾಗಿಲವರೆಗೆ. ಅದರ ಮರುದಿನ ಬರೀ ಮುಖ, ಕೈಕಾಲು. ಸಮಯ ಗಡಿಯಾರದ್ದಿರಲಿ, ಮನಸ್ಸಿನದ್ದಲ್ಲ. ಮಾಡುವ ಮುಂಚೆ ಮತ್ತು ಮಾಡಿದ ಮೇಲೆ ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆದಿಡಿ. ಎರಡರಿಂದ ಮೂರಕ್ಕೆ ಏರಿದ್ದನ್ನು ಖಿನ್ನತೆ ಮರೆಸಿಬಿಡುತ್ತದೆ, ಹಾಳೆ ಮರೆಯುವುದಿಲ್ಲ. ಹುಷಾರೆನಿಸಿದ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಲು ಹೊರಡಬೇಡಿ. ಮರುದಿನ ಮೇಲೇಳಲಾಗದೆ ‘ನನ್ನ ಕೈಲಿ ಆಗದು’ ಎಂಬ ಮಾತಿಗೇ ಬಲ ಬರುತ್ತದೆ. ನಡಿಗೆ ಹತ್ತು ನಿಮಿಷದಿಂದ ಶುರುವಾಗಲಿ. ರಾತ್ರಿ ನಿದ್ದೆ ಹೇಗೇ ಆಗಿರಲಿ, ಏಳುವ ಹೊತ್ತು ಒಂದೇ ಇರಲಿ.

ಪ್ರಶ್ನೆ: ತಮ್ಮ ‘ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ’ ಅನ್ನುತ್ತಾನೆ. ಆತ್ಮಹತ್ಯೆ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದಾ? ಡಾಕ್ಟರ ಹತ್ತಿರ ಬಾ ಅಂದರೆ ಬರುವುದಿಲ್ಲ.

ಉತ್ತರ: ಆಗುವುದಿಲ್ಲ. ಇವತ್ತೇ ಕೇಳಿ, ನೇರವಾಗಿಯೇ ಕೇಳಿ: ‘ಸಾಯೋ ಯೋಚನೆ ಬರ್ತಾ ಇದೆಯೇನೋ?’ ಕೇಳುವವರು ಒಬ್ಬರಾದರೂ ಸಿಕ್ಕರಲ್ಲ ಎಂದು ಎಷ್ಟೋ ಜನರ ಎದೆ ಹಗುರಾಗುತ್ತದೆ. ಹೌದೆಂದರೆ ಗಾಬರಿ ಬೇಡ, ಬುದ್ಧಿವಾದವೂ ಬೇಡ. ‘ಹೇಗೆ, ಯಾವಾಗ ಅಂತ ಯೋಚಿಸಿದ್ದೀಯಾ?’ ಎಂದು ಮುಂದೆ ಕೇಳಿ. ಯಾರಿಗೂ ಹೇಳುವುದಿಲ್ಲ ಎಂಬ ಮಾತು ಮಾತ್ರ ಕೊಡಬೇಡಿ. ದಾರಿ, ಸಮಯ ಗೊತ್ತುಮಾಡಿಕೊಂಡಿದ್ದರೆ ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ, ಅದಾಗದಿದ್ದರೆ ತುರ್ತು ಸಹಾಯವಾಣಿಗೆ ಕರೆ ಮಾಡಿ. ಅಪಾಯವಾಗಬಹುದಾದ ವಸ್ತುಗಳನ್ನು ಮನೆಯಿಂದಲೇ ಸಾಗಿಸಿ. ಮಾತ್ರೆ ಡಬ್ಬಿ ನಿಮ್ಮ ಬಳಿ ಇರಲಿ, ಆಯಾ ದಿನದ್ದನ್ನು ಆಯಾ ದಿನ ಕೊಡಿ. ಚಿಕಿತ್ಸೆ ಶುರುವಾದ ಮೇಲೂ ಕಾವಲು ಸಡಿಲಿಸಬೇಡಿ, ಮನಸ್ಸು ತಿಳಿಯಾಗುವ ಮೊದಲೇ ಮೈಗೆ ಕಸುವು ಬರುವ ವಾರಗಳಲ್ಲಿ ಅಪಾಯ ಉಳಿದೇ ಇರುತ್ತದೆ.

ಡಾಕ್ಟರ ಬಳಿ ಬರಲೊಲ್ಲೆ ಅಂದರೆ ‘ಖಿನ್ನತೆ’ ಪದ ಬಿಟ್ಟು ‘ನಿದ್ದೆಗೊಂದು ದಾರಿ ನೋಡೋಣ, ನಾನೂ ಜೊತೆಗೆ ಬರ್ತೀನಿ’ ಅನ್ನಿ. ನಿದ್ದೆ ಇಲ್ಲದ್ದೂ ನಿಜವೇ ಆಗಿದ್ದರೆ ಅದು ಸುಳ್ಳಲ್ಲ. ಅದಕ್ಕೂ ಒಪ್ಪದಿದ್ದರೆ ಮೊದಲ ಸಲ ನೀವೊಬ್ಬರೇ ಹೋಗಿ ಅವನ ಸ್ಥಿತಿ ಹೇಳಿ ಬನ್ನಿ. ಅಪಾಯ ಎಷ್ಟಿದೆ, ಅವನನ್ನು ಹೇಗೆ ಕರೆತರಬೇಕು ಎಂದು ವೈದ್ಯರು ತಿಳಿಸುತ್ತಾರೆ.