ಕಣದ ಕಾಫಿ, ಚೀಟಿಯ ಹಣ ಮತ್ತು ‘ಹುಟ್ಟು ಕಳ್ಳರು’: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಸಣ್ಣ ಬೆಳೆಗಾರ. ಜನವರಿಯಲ್ಲಿ ಕಣದಲ್ಲಿ ಹರವಿದ್ದ ರೊಬಸ್ಟಾ ಕಾಫಿ ಚೆರ್ರಿಯನ್ನು ರಾತ್ರೋರಾತ್ರಿ ಮೂಟೆ ಕಟ್ಟಿ ಒಯ್ದಿದ್ದಾರೆ. ಊರಿನವರೆಲ್ಲ ಪಕ್ಕದ ತೋಟದ ಲೈನ್ ಮನೆಗಳಲ್ಲಿರುವ ಹೊರರಾಜ್ಯದ ಕಾರ್ಮಿಕರತ್ತ ಬೆರಳು ತೋರಿಸಿ, ‘ಕಳ್ಳತನ ಅವರ ರಕ್ತದಲ್ಲೇ ಇದೆ’ ಎನ್ನುತ್ತಿದ್ದಾರೆ. ಅಪರಾಧಶಾಸ್ತ್ರ ಇದನ್ನು ಒಪ್ಪುತ್ತದೆಯೇ?
— ಒಬ್ಬ ಬೆಳೆಗಾರರು, ಸಕಲೇಶಪುರ

ಉತ್ತರ: ಇಂದಿನ ಅಪರಾಧಶಾಸ್ತ್ರ ಒಪ್ಪುವುದಿಲ್ಲ. ಆದರೆ ಒಂದು ಕಾಲದಲ್ಲಿ ಈ ಮಾತನ್ನು ವಿಜ್ಞಾನದ ಹೆಸರಿನಲ್ಲಿಯೇ ಹೇಳಲಾಗುತ್ತಿತ್ತು. ಇಟಲಿಯ ವೈದ್ಯ ಚೆಸಾರೆ ಲೊಂಬ್ರೊಸೊ ಕೈದಿಗಳ ತಲೆಬುರುಡೆ, ದವಡೆ, ಕಿವಿಗಳನ್ನು ಪರೀಕ್ಷಿಸಿ, ಕೆಲವರು ವಿಕಾಸದ ಹಾದಿಯಲ್ಲಿ ಹಿಂದುಳಿದು ಹುಟ್ಟಿನಿಂದಲೇ ಅಪರಾಧಿಗಳಾಗಿರುತ್ತಾರೆ ಎಂದು 1876ರಲ್ಲಿ ವಾದಿಸಿದರು. ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3000 ಕೈದಿಗಳ ಅಳತೆಗಳನ್ನು ಇತರರ ಅಳತೆಗಳೊಂದಿಗೆ ಹೋಲಿಸಿ, ಅಪರಾಧಿಗೆಂದೇ ಮೀಸಲಾದ ದೇಹಲಕ್ಷಣ ಯಾವುದೂ ಇಲ್ಲವೆಂದು 1913ರಲ್ಲಿ ತೋರಿಸಿದ ಮೇಲೆ ಆ ವಾದದ ಬುಡ ಅಲುಗಿತು. ಗೋರಿಂಗ್ ಸಹ ಆನುವಂಶಿಕತೆಯ ಮಾತನ್ನು ಪೂರ್ತಿ ಬಿಟ್ಟುಕೊಡಲಿಲ್ಲ ಎಂಬುದು ಬೇರೆ ವಿಚಾರ.

ನಮ್ಮ ದೇಶದಲ್ಲಂತೂ ಲೊಂಬ್ರೊಸೊಗಿಂತ ಐದು ವರ್ಷ ಮೊದಲೇ ಈ ನಂಬಿಕೆ ಕಾನೂನಿನ ರೂಪ ತಾಳಿತ್ತು. ಬ್ರಿಟಿಷ್ ಸರ್ಕಾರವು 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಮೂಲಕ ಇಡೀ ಸಮುದಾಯಗಳನ್ನೇ ಅಪರಾಧಿಗಳೆಂದು ಘೋಷಿಸಿ, ಅವರ ಹೆಸರುಗಳನ್ನು ನೋಂದಾಯಿಸಿ, ಅವರ ಓಡಾಟವನ್ನು ನಿರ್ಬಂಧಿಸಿತು. ಈ ವ್ಯವಸ್ಥೆ ರದ್ದಾದದ್ದು 1952ರಲ್ಲಿ. ಆ ಸಮುದಾಯಗಳ ಮೇಲಿನ ಅನುಮಾನ ಮಾತ್ರ ಕಾಯ್ದೆಯೊಂದಿಗೆ ಹೋಗಲಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಹೊವಾರ್ಡ್ ಬೆಕರ್ 1963ರಲ್ಲಿ ವಿವರಿಸಿದ ಹಣೆಪಟ್ಟಿ ಸಿದ್ಧಾಂತ ಹೇಳುವುದೂ ಇದನ್ನೇ: ಒಬ್ಬನಿಗೆ ಕಳ್ಳನೆಂಬ ಹೆಸರು ಅಂಟಿದರೆ ಕೂಲಿ ಸಿಗುವುದಿಲ್ಲ, ಸಾಲ ಹುಟ್ಟುವುದಿಲ್ಲ, ಕೊನೆಗೆ ಕಳ್ಳರ ಸಹವಾಸವೇ ಉಳಿಯುತ್ತದೆ.

ನಿಮ್ಮ ಕಣದ ಕಳವಿಗೆ ಹೆಚ್ಚು ಹೊಂದುವುದು ಅಮೆರಿಕದ ಸಂಶೋಧಕರಾದ ಲಾರೆನ್ಸ್ ಕೊಹೆನ್ ಮತ್ತು ಮಾರ್ಕಸ್ ಫೆಲ್ಸನ್ 1979ರಲ್ಲಿ ಮಂಡಿಸಿದ ದಿನಚರಿ ಸಿದ್ಧಾಂತ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಆದಾಯ ಏರುತ್ತಿದ್ದರೂ ಕಳವು ಏಕೆ ಹೆಚ್ಚಿತು ಎಂಬುದು ಅವರ ಪ್ರಶ್ನೆಯಾಗಿತ್ತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ ಹಗಲು ಮನೆಗಳು ಖಾಲಿ ಬಿದ್ದವು, ಬೆಲೆಬಾಳುವ ವಸ್ತುಗಳು ಹಗುರವಾದವು ಎಂದು ಅವರು ಗುರುತಿಸಿದರು. ಕದಿಯಲು ಮನಸ್ಸುಳ್ಳವನು, ಕದಿಯಲು ಯೋಗ್ಯವಾದ ವಸ್ತು, ಕಾಯುವವರಿಲ್ಲದ ಹೊತ್ತು, ಇವು ಮೂರೂ ಒಂದೇ ಕಡೆ ಕೂಡಿದಾಗ ಅಪರಾಧ ನಡೆಯುತ್ತದೆ.

ಇನ್ನು ನಿಮ್ಮ ಕಣವನ್ನೇ ನೋಡಿ. ಅದು ಸಾಮಾನ್ಯವಾಗಿ ಬಿಸಿಲು ಬೀಳುವ ಬಯಲಿನಲ್ಲಿ, ಲಾರಿ ಬರುವ ದಾರಿಗೆ ಹತ್ತಿರವಾಗಿಯೇ ಇರುತ್ತದೆ. ಒಣಗುವ ದಿನಗಳಲ್ಲಿ ಫಸಲು ರಾತ್ರಿಯೂ ಟಾರ್ಪಾಲಿನ ಕೆಳಗೆ ಅಲ್ಲಿಯೇ ಉಳಿಯುತ್ತದೆ. ಕೊಯ್ಲಿನಲ್ಲಿ ದಣಿದ ಆಳುಗಳು, ತೋಟದ ಲೆಕ್ಕ ನೋಡುವ ರೈಟರ್, ಮಾಲೀಕರು ಎಲ್ಲರೂ ಬೇಗ ಮಲಗುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಕಾಫಿಯ ಬೆಲೆ ಏರಿರುವುದರಿಂದ ಒಂದೊಂದು ಮೂಟೆಯೂ ಕಳ್ಳನಿಗೆ ಲಾಭದ ಸರಕು. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆ ಚೀಲಕ್ಕೆ ಸುರಿದ ಮೇಲೆ ಯಾವುದು ಯಾರ ತೋಟದ್ದೆಂದು ಹೇಳಲು ಬಾರದು. ಆದ್ದರಿಂದ ಕದ್ದವನು ಯಾವ ಊರಿನವನು ಎಂಬುದಕ್ಕಿಂತ, ಅದನ್ನು ರಶೀದಿಯಿಲ್ಲದೆ ಕೊಂಡವನು ಯಾರು ಎಂದು ಹುಡುಕುವುದು ಹೆಚ್ಚು ಫಲ ಕೊಡುತ್ತದೆ. ಕಳವಿನ ಮಾಲೆಂದು ಗೊತ್ತಿದ್ದೂ ಅಪ್ರಾಮಾಣಿಕವಾಗಿ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಯಾವ ದಾರಿಯಲ್ಲಿ ವಾಹನ ಬರಬಹುದು, ಯಾವ ಹೊತ್ತಿನಲ್ಲಿ ಕಣ ಕಾಯುವವರಿಲ್ಲ ಎಂಬುದು ಒಳಗಿನವರಿಗೇ ಹೆಚ್ಚು ಗೊತ್ತಿರುತ್ತದೆ ಎನ್ನುವುದನ್ನೂ, ಬಂದು ಎರಡು ತಿಂಗಳಾಗದ ಕಾರ್ಮಿಕನನ್ನು ಹಿಡಿದು ಥಳಿಸಲು ಹೊರಡುವವರು ಯೋಚಿಸಬೇಕು. ಸಾಕ್ಷ್ಯವಿದ್ದರೆ ಯಾರ ಮೇಲಾದರೂ ದೂರು ಕೊಡಿ.

ಪ್ರಶ್ನೆ: ಅಪರಾಧದ ವಿಧಗಳು ಎಷ್ಟು? ಒಂದೊಂದು ಪುಸ್ತಕದಲ್ಲಿ ಒಂದೊಂದು ಬಗೆಯಾಗಿದೆ.
— ಪದವಿ ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ವಿಂಗಡಿಸುವವರ ಉದ್ದೇಶ ಬೇರೆಯಾದಂತೆ ಪಟ್ಟಿಯೂ ಬೇರೆಯಾಗುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ದೇಹದ ಮೇಲಿನ ಅಪರಾಧ, ಆಸ್ತಿಯ ಮೇಲಿನ ಅಪರಾಧ, ರಾಜ್ಯದ ವಿರುದ್ಧದ ಅಪರಾಧ ಎಂದು ಹಾನಿಯ ಆಧಾರದಲ್ಲಿ ಅಧ್ಯಾಯಗಳನ್ನು ಮಾಡಿದೆ. ಪೊಲೀಸರಿಗೆ ಮುಖ್ಯವಾದದ್ದು, ವಾರಂಟ್ ಇಲ್ಲದೆ ಬಂಧಿಸಬಹುದಾದ ಸಂಜ್ಞೇಯ ಅಪರಾಧವೋ ಅಸಂಜ್ಞೇಯವೋ ಎಂಬುದು. ಸಮಾಜಶಾಸ್ತ್ರಜ್ಞರು ಹಿಂಸೆ, ಆಸ್ತಿ, ಸಂಘಟಿತ, ಬಿಳಿ ಕಾಲರ್ (ಪ್ರತಿಷ್ಠಿತರು ವೃತ್ತಿಯ ನಡುವೆ ಮಾಡುವುದು), ಸೈಬರ್ ಎಂದು ಮಾಡುವ ವಿಂಗಡಣೆ ಕಾನೂನಿನ ಕಲಮುಗಳಿಗೆ ಸರಿಯಾಗಿ ಹೊಂದುವುದಿಲ್ಲ; ಪೊಲೀಸರ ಸೋಗಿನಲ್ಲಿ ಕರೆ ಮಾಡಿ ಹೆದರಿಸಿ ಹಣ ಕೀಳುವ ‘ಡಿಜಿಟಲ್ ಅರೆಸ್ಟ್’ ಹೆಸರಿನ ವಂಚನೆ ಏಕಕಾಲಕ್ಕೆ ಸೈಬರ್ ಅಪರಾಧವೂ ಹೌದು, ಮೋಸವೂ ಹೌದು, ಹಿಂದೆ ಜಾಲವಿದ್ದರೆ ಸಂಘಟಿತ ಅಪರಾಧವೂ ಆಗಬಹುದು. ಪರೀಕ್ಷೆಯಲ್ಲಿ ಯಾವ ಆಧಾರದ ವಿಂಗಡಣೆ ಎಂಬುದನ್ನು ಮೊದಲ ವಾಕ್ಯದಲ್ಲೇ ಬರೆಯಿರಿ.

ಪ್ರಶ್ನೆ: ನಮ್ಮ ಬೀದಿಯ ಗೌರವಸ್ಥ, ಅನುಕೂಲಸ್ಥ ವ್ಯಕ್ತಿಯೊಬ್ಬರು ವರ್ಷಗಟ್ಟಲೆ ಚೀಟಿ ನಡೆಸಿ, ಈಗ ಹಣವನ್ನೆಲ್ಲ ತೆಗೆದುಕೊಂಡು ಊರು ಬಿಟ್ಟಿದ್ದಾರೆ. ಬಡತನದಿಂದ ಅಪರಾಧ ಹುಟ್ಟುತ್ತದೆ ಎನ್ನುತ್ತಾರಲ್ಲ, ಇವರಿಗೆ ಏನು ಕೊರತೆಯಿತ್ತು?
— ಒಬ್ಬ ಗೃಹಿಣಿ, ಅರಸೀಕೆರೆ

ಉತ್ತರ: ಬಡತನದ ವಿವರಣೆ ಎಲ್ಲ ಕಡೆಗೂ ಸಾಲದೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್ಲ್ಯಾಂಡ್ 1939ರಲ್ಲಿಯೇ ಆಕ್ಷೇಪಿಸಿ, ಪ್ರತಿಷ್ಠಿತರು ತಮ್ಮ ವೃತ್ತಿಯ ನಡುವೆ ಮಾಡುವ ಅಪರಾಧಗಳಿಗೆ ಬಿಳಿ ಕಾಲರ್ ಅಪರಾಧವೆಂಬ ಹೆಸರಿಟ್ಟರು. ಹಣದ ಗುರಿಯನ್ನು ಎಲ್ಲರ ಮುಂದೆ ಇಟ್ಟು ನ್ಯಾಯವಾದ ದಾರಿಯನ್ನು ಕೆಲವರಿಗೆ ಮಾತ್ರ ತೆರೆದರೆ ಅಪರಾಧ ಹೆಚ್ಚುತ್ತದೆ ಎಂಬ ಇನ್ನೊಬ್ಬ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ನರ 1938ರ ವಾದಕ್ಕೆ ತೂಕವಿದೆ, ಆದರೆ ನಿಮ್ಮ ಬೀದಿಯವರಿಗೆ ಎಲ್ಲ ದಾರಿಗಳೂ ತೆರೆದೇ ಇದ್ದವು.

ಇಲ್ಲಿ ನೆರವಿಗೆ ಬರುವವರು ಸದರ್ಲ್ಯಾಂಡರ ಶಿಷ್ಯ ಡೊನಾಲ್ಡ್ ಕ್ರೆಸಿ. ನಂಬಿಕೆಯ ಸ್ಥಾನದಲ್ಲಿದ್ದು ಹಣ ನುಂಗಿ ಜೈಲು ಸೇರಿದವರನ್ನು ಸಂದರ್ಶಿಸಿದ ಅವರು 1953ರಲ್ಲಿ ಕಂಡುಕೊಂಡದ್ದಿಷ್ಟು: ಅಂಥವರಿಗೆ ಯಾರೊಂದಿಗೂ ಹೇಳಿಕೊಳ್ಳಲಾಗದ ಹಣದ ಬಿಕ್ಕಟ್ಟೊಂದು ಇರುತ್ತದೆ, ಕೈಯಲ್ಲಿ ಇನ್ನೊಬ್ಬರ ಹಣ ಇರುತ್ತದೆ, ತಾನು ಕದಿಯುತ್ತಿಲ್ಲ, ಕೈಗಡ ತೆಗೆದುಕೊಂಡಿದ್ದೇನೆ ಎಂದು ತನಗೆ ತಾನೇ ಒಪ್ಪಿಸಿಕೊಳ್ಳುವ ನೆಪವೂ ಇರುತ್ತದೆ. ಅನುಕೂಲಸ್ಥನಿಗೆ ಮಾನದ ಭಯ ಹೆಚ್ಚು. ವ್ಯಾಪಾರದಲ್ಲೋ ಜೂಜಿನಲ್ಲೋ ಕಳೆದುಕೊಂಡದ್ದನ್ನು ಆತ ಬಾಯಿಬಿಟ್ಟು ಹೇಳಲಾರ. ಮೊದಲು ಒಬ್ಬರ ಚೀಟಿಹಣ ಇನ್ನೊಬ್ಬರಿಗೆ ಹೋಗುತ್ತದೆ, ಆಮೇಲೆ ‘ಮುಂದಿನ ತಿಂಗಳು ಖಂಡಿತ’ ಎಂಬ ಮಾತು ಶುರುವಾಗುತ್ತದೆ. ಹೀಗೆಂದು ಅವರ ತಪ್ಪು ಹಗುರವಾಗುವುದಿಲ್ಲ. ವಿವರಣೆ ಕ್ಷಮಾಪಣೆಯಲ್ಲ, ಕ್ರೆಸಿ ಮಾತಾಡಿಸಿದವರೂ ಶಿಕ್ಷೆಯಾದವರೇ.

ಇದು ಸಿವಿಲ್ ವ್ಯಾಜ್ಯ ಎಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ಹಿಂದಿರುಗಬೇಡಿ. ಇದು ನಂಬಿಕೆ ದ್ರೋಹವಾಗಿ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿಗೂ, ಮೊದಲಿನಿಂದಲೇ ಮೋಸದ ಉದ್ದೇಶವಿದ್ದರೆ 318ನೇ ಕಲಮಿಗೂ ಬರುತ್ತದೆ; ಚೀಟಿ ವ್ಯವಹಾರಕ್ಕೆ 1982ರ ಚಿಟ್ ಫಂಡ್ ಕಾಯ್ದೆಯೂ ಇದೆ. ಚೀಟಿ ಪುಸ್ತಕ, ಫೋನ್‌ಪೇ ವಿವರ, ವಾಟ್ಸ್ಆ್ಯಪ್ ಸಂದೇಶಗಳನ್ನು ಜೋಡಿಸಿಕೊಂಡು, ಸದಸ್ಯರೆಲ್ಲ ಸೇರಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.