ರಾಜೀನಾಮೆ ಬರೆದುಕೊಡಿ ಅಂದರೆ?

ಪ್ರಶ್ನೆ: ಹನ್ನೊಂದು ವರ್ಷದಿಂದ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದೇನೆ. ಆರ್ಡರ್ ಕಡಿಮೆ ಆಗಿದೆ, ರಾಜೀನಾಮೆ ಬರೆದುಕೊಡಿ, ಒಂದು ತಿಂಗಳ ಸಂಬಳ ಜಾಸ್ತಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಬರೆದುಕೊಡಲೇ?

ಉತ್ತರ: ಬೇಡ. ಮೊದಲು ಪೆನ್ನು ಕೆಳಗಿಡಿ! ಕೆಲಸವಿಲ್ಲವೆಂದು ಅವರೇ ತೆಗೆದರೆ ಅದು ರಿಟ್ರೆಂಚ್‌ಮೆಂಟ್. ನೀವೇ ಬಿಟ್ಟರೆ ಅಲ್ಲ. ಅವರಿಗೆ ನಿಮ್ಮ ಸಹಿ ಬೇಕಿರುವುದು ಅದಕ್ಕೇ ಅಲ್ವಾ? 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇತ್ತು, 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೆ: ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ. ನಿಮ್ಮ ಲೆಕ್ಕಕ್ಕೆ 165 ದಿನದ ಸಂಬಳ. ಗ್ರಾಚ್ಯುಟಿ ಬೇರೆ. ಅದು ರಾಜೀನಾಮೆ ಕೊಟ್ಟರೂ ಬರುವಂಥದ್ದು, ಅದನ್ನೇ ದೊಡ್ಡ ಉಪಕಾರ ಎಂಬಂತೆ ತೋರಿಸಿದರೆ ನಂಬಬೇಡಿ.

ನಾನು ಯೂನಿಯನ್ ಕಾರ್ಯದರ್ಶಿಯಾಗಿದ್ದಾಗ ಗೆಳೆಯನೊಬ್ಬ ಚಹಾ ಕುಡಿಯುತ್ತಲೇ ಸಹಿ ಹಾಕಿಬಂದ. ಕಾಗದದ ಮೇಲೆ 'ಸ್ವಂತ ಇಚ್ಛೆಯಿಂದ' ಎಂದು ಮೊದಲೇ ಟೈಪ್ ಆಗಿತ್ತು. ಒತ್ತಾಯವಿತ್ತೆಂದು ತೋರಿಸಲು ಆಮೇಲೆ ಸಾಕುಸಾಕಾಯಿತು.

ಬಾಯಿಮಾತು ಬೇಡ, ಬರಹದಲ್ಲಿ ಕೊಡಿ ಎನ್ನಿ. ಹಾಜರಿ, ಸಂಬಳದ ಚೀಟಿ ಮನೆಯಲ್ಲಿಡಿ. ಗೇಟಿನಲ್ಲೇ ತಡೆದರೆ ಅವತ್ತೇ ಕಾರ್ಮಿಕ ಇಲಾಖೆಗೆ ದೂರು ಬರೆಯಿರಿ.